ಹೊಂದಿಕೊಳ್ಳಬೇಕಾದವರು ಯಾರು?

ನಮ್ಮ ಮಾಗಡಿ ಕೆರೆಗೆ ಪ್ರತಿ ಚಳಿಗಾಲಕ್ಕೂ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಹಿಮಾಲಯ ದಾಟಿ ಬರುತ್ತವೆ. ಸುತ್ತಲಿನ ಶೇಂಗಾ, ಕಡಲೆ ಹೊಲಗಳಿಗೆ ಇಳಿದು ಮೇಯುತ್ತವೆ, ಕೆರೆಯಲ್ಲಿ ತಂಗುತ್ತವೆ. ನೋಡಲಿಕ್ಕೆ ಕ್ಯಾಮೆರಾ ಹೊತ್ತವರು ಬರುತ್ತಾರೆ. ಎಣಿಸಲಿಕ್ಕೆ ದುರ್ಬೀನು ಹಿಡಿದವರು ಬರುತ್ತಾರೆ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿತು. ಶಿರಹಟ್ಟಿ ತಾಲೂಕಿನ ಒಂದು ಹಳ್ಳಿಯ ಕೆರೆ ಜಗತ್ತಿನ ನಕಾಶೆ ಹತ್ತಿತು. ಸಂತೋಷ. ಹಕ್ಕಿಗಳ ಮೇಲೆ ನಮಗ್ಯಾವ ಸಿಟ್ಟೂ ಇಲ್ಲ.

ಆದರೆ ಒಂದು ಪ್ರಶ್ನೆ ಇದೆ. ಇದೇ ಮಾಗಡಿಯಿಂದ, ಸುತ್ತಲಿನ ಕೇರಿಗಳಿಂದ, ತಾಂಡಾಗಳಿಂದ ಪಿಯುಸಿ ಮುಗಿಸಿ ಗದಗಿಗೋ ಧಾರವಾಡಕ್ಕೋ ಹೋಗಿ, ಒಂದೇ ಸೆಮಿಸ್ಟರಿನಲ್ಲಿ ಗಂಟು ಕಟ್ಟಿಕೊಂಡು ತಿರುಗಿ ಬರುವ ನಮ್ಮ ಹುಡುಗ ಹುಡುಗಿಯರನ್ನು ಎಣಿಸಿದವರು ಯಾರು? ಯಾಕೆ ಬಂದಿರಿ ಎಂದು ಕೇಳಿದವರು ಯಾರು? ಯಾರೂ ಕೇಳುವುದಿಲ್ಲ. ಯಾಕಂದ್ರ ಉತ್ತರ ಮೊದಲೇ ತಯಾರಿದೆ: 'ದಡ್ಡ ಇದ್ದ, ಬಿಟ್ಟ.'

ಈ ತೀರ್ಪಿನ ವಿರುದ್ಧ ಈ ಲೇಖನ.

ನಾನು ಕನ್ನಡ ಶಾಲೆಯ ಮಾಸ್ತರ. ಬೇರೆಯವರ ಕಡೆ ಬೆರಳು ತೋರಿಸುವ ಮೊದಲು ನನ್ನ ತಪ್ಪು ಹೇಳಬೇಕು. ನನ್ನ ಐದನೇ ಇಯತ್ತೆಯಲ್ಲಿ ಕೇರಿಯ ಒಬ್ಬ ಹುಡುಗ ಇದ್ದ. ಲೆಕ್ಕ ಬಾಯಲ್ಲೇ ಮಾಡುತ್ತಿದ್ದ. ಸಂತೆಯಲ್ಲಿ ಅವ್ವ ಮೆಣಸಿನಕಾಯಿ ಮಾರಿದರೆ ಎಷ್ಟು ರೊಕ್ಕ ಬರಬೇಕು ಎಂದು ವ್ಯಾಪಾರಿಗಿಂತ ಮೊದಲು ಹೇಳುತ್ತಿದ್ದ. ಕೆರೆಗೆ ಹಕ್ಕಿ ಈ ವರ್ಷ ಯಾವ ವಾರ ಬಂದವು, ಹೋದ ವರ್ಷ ಯಾವ ವಾರ ಬಂದಿದ್ದವು, ಎಲ್ಲ ಅವನ ತಲೆಯಲ್ಲಿ. ಇವತ್ತು ಕೇಳಿದ ಪಾಠ ನಾಳೆ ಹೇಳಿದ್ದು ಹೇಳಿದ ಹಾಗೆ ಒಪ್ಪಿಸುತ್ತಿದ್ದ. ಪುಸ್ತಕ ತೆಗೆದು ಓದು ಅಂದರೆ ಮಾತ್ರ ಮೈಯೆಲ್ಲ ಬೆವರು. 'ಪ' ಇದ್ದಲ್ಲಿ 'ವ' ಅನ್ನುವ, 'ದ' ಇದ್ದಲ್ಲಿ 'ಥ' ಅನ್ನುವ. ಒತ್ತಕ್ಷರ ಬಂತೆಂದರೆ ಎತ್ತು ಕೆಸರಿನಲ್ಲಿ ನಿಂತ ಹಾಗೆ ನಿಂತುಬಿಡುವ.

ನಾನು ಹೊಡೆದೆ. ಮೈಗಳ್ಳ ಅಂದೆ. ರಟ್ಟೆ ಹಿಡಿದು ಹಿಂದಿನ ಸಾಲಿಗೆ ತಳ್ಳಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದೆ ಎಂದು ಗೊತ್ತಿದ್ದೂ ಹೊಡೆದೆ. ನಾನೂ ಕೇರಿಯಿಂದಲೇ ಬಂದವನು. 'ಅಕ್ಷರ ಬರದಿದ್ರ ನಮ್ಮ ಕಥಿ ಮುಗೀತೋ ಮಗನ' ಎಂಬ ಅಂಜಿಕೆಯಿಂದ ಹೊಡೆದೆ. ಅಂಜಿಕೆ ಖರೆ ಇತ್ತು. ಪೆಟ್ಟು ತಪ್ಪಿತ್ತು.

ಆ ಹುಡುಗ ಹತ್ತನೇ ಇಯತ್ತೆ ಪಾಸಾದ. ಹೇಗೆ? ಗೆಳೆಯನೊಬ್ಬ ಗಟ್ಟಿಯಾಗಿ ಓದುತ್ತಿದ್ದ, ಇವನು ಕೇಳಿ ನೆನಪಿಟ್ಟುಕೊಳ್ಳುತ್ತಿದ್ದ. ಪಿಯುಸಿಯನ್ನೂ ಹಾಗೇ ದಾಟಿದ. ಆಮೇಲೆ ಒಂದು ಪದವಿ ಕಾಲೇಜು ಸೇರಿದ. ಅಲ್ಲಿ ಗೆಳೆಯ ಇರಲಿಲ್ಲ. ಪಾಠ ಇಂಗ್ಲಿಷಿನಲ್ಲಿ. ಮೊದಲ ವಾರವೇ ಎಬ್ಬಿಸಿ ನಿಲ್ಲಿಸಿ ಓದು ಅಂದರು. ನಿಂತ. ತುಟಿ ಅಲುಗಾಡಲಿಲ್ಲ. ಕ್ಲಾಸು ನಕ್ಕಿತು. ಹಿಂದಿನಿಂದ ಯಾರೋ 'ಕೋಟಾ ಗಿರಾಕಿ' ಅಂದರು. ಕಿರುಪರೀಕ್ಷೆಯಲ್ಲಿ ಅರ್ಧ ಹಾಳೆ ಬರೆಯುವುದರಲ್ಲಿ ವೇಳೆ ಮುಗಿಯಿತು. 'ಇದು ಯಾವ ಭಾಷೆ?' ಎಂದು ಕೆಂಪು ಶಾಯಿಯಲ್ಲಿ ಬರೆದು ಕೊಟ್ಟರು. ಹೆಡ್ಡರ ಹತ್ತಿರ ಹೋದರೆ ಅವರು ಪ್ರೀತಿಯಿಂದಲೇ ಹೇಳಿದರಂತೆ: 'ಹೊಂದ್ಕೋಬೇಕಪಾ. ಎಲ್ಲಾರೂ ಹೊಂದ್ಕೊಂಡಾರ.'

ಹುಡುಗ ಜನವರಿಯಲ್ಲಿ ಊರಿಗೆ ಬಂದವನು ತಿರುಗಿ ಹೋಗಲಿಲ್ಲ. ಅವರ ಅವ್ವ ನನ್ನ ಮನೆಗೆ ಬಂದು ಹೊಸ್ತಿಲ ಹೊರಗೇ ಕೂತು ಕೇಳಿದಳು: 'ಮಾಸ್ತರ್ರ, ಹುಡುಗಗ ತಲಿ ಐತಿ. ಕಣ್ಣೂ ಛಲೋ ಅದಾವ. ಮತ್ಯಾಕ್ರೀ ಓದಾಕ ಬರವಲ್ದು?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕಿದೆ. ಉತ್ತರಕ್ಕೆ ನೂರು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿದೆ ಎಂದು ಗೊತ್ತಾದಾಗ ನಾಚಿಕೆಯಾಯಿತು.

1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 14 ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದ. ಚುರುಕು ಹುಡುಗ, ಲೆಕ್ಕದಲ್ಲಿ ಹಿಂದೆ ಬಿದ್ದವನಲ್ಲ, ಆದರೆ ಅಚ್ಚಾದ ಸಾಮಾನ್ಯ ಪದ ಓದಲಿಕ್ಕೂ ಆಗದು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಜಾಣ ಎಂದು ಅವನ ಮಾಸ್ತರನೇ ಹೇಳಿದ್ದನಂತೆ. ಆ ಮಾಸ್ತರ ಯಾರೋ, ನನಗಿಂತ ಒಳ್ಳೆಯವನು. ಡಿಸ್ಲೆಕ್ಸಿಯಾ ಎಂಬ ಪದ ಅದಕ್ಕೂ ಮೊದಲೇ, 1887ರಲ್ಲಿ, ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ ಕೊಟ್ಟದ್ದು. ಬರವಣಿಗೆಯಲ್ಲಿ ತೊಡಕಾದರೆ ಡಿಸ್ಗ್ರಾಫಿಯಾ, ಅಂಕಿಯಲ್ಲಿ ತೊಡಕಾದರೆ ಡಿಸ್ಕಾಲ್ಕ್ಯುಲಿಯಾ. ಎಲ್ಲ ಸೇರಿ ಕಲಿಕಾ ನ್ಯೂನತೆ. ಇದು ಬುದ್ಧಿಯ ಕೊರತೆ ಅಲ್ಲ, ಸೋಮಾರಿತನ ಅಲ್ಲ, ಕಣ್ಣಿನ ದೋಷವೂ ಅಲ್ಲ. ಕೇಳಿದ ಸದ್ದನ್ನು ಕಂಡ ಅಕ್ಷರಕ್ಕೆ ಜೋಡಿಸುವ ಕೆಲಸವನ್ನು ಕೆಲವರ ಮಿದುಳು ಬೇರೆ ರೀತಿ ಮಾಡುತ್ತದೆ, ನಿಧಾನ ಮಾಡುತ್ತದೆ. ಶಾಲೆಗೆ ಹೋಗುವ ವಯಸ್ಸಿನ ನೂರು ಮಕ್ಕಳಲ್ಲಿ 5ರಿಂದ 15 ಮಕ್ಕಳಿಗೆ ಇದು ಇರುತ್ತದೆ, ಎಲ್ಲ ಭಾಷೆಗಳಲ್ಲೂ ಎಲ್ಲ ಸಮಾಜಗಳಲ್ಲೂ ಇರುತ್ತದೆ ಎಂದು ಜಗತ್ತಿನ ಮನೋವೈದ್ಯರು ಬಳಸುವ 2013ರ ಕೈಪಿಡಿ ಹೇಳುತ್ತದೆ. ವಯಸ್ಸಾದ ಮಾತ್ರಕ್ಕೆ ಹೋಗುವುದಿಲ್ಲ. ಹತ್ತನೇ ಇಯತ್ತೆ ದಾಟಿದರೆ ಅದೂ ಕಾಲೇಜು ಹತ್ತುತ್ತದೆ.

ನಮ್ಮ ಲಿಪಿಯ ಮಾತನ್ನೂ ಆಡಬೇಕು. ಇಂಗ್ಲಿಷಿಗೆ 26 ಅಕ್ಷರ. ಕನ್ನಡಕ್ಕೆ ಕಾಗುಣಿತ, ಒತ್ತು ಎಲ್ಲ ಸೇರಿ ನೂರಾರು ರೂಪ. ಬೆಂಗಳೂರಿನಲ್ಲಿ ಕನ್ನಡ ಓದಿನ ಕಲಿಕೆಯನ್ನು ಅಭ್ಯಾಸ ಮಾಡಿದ ಸೋನಾಲಿ ನಾಗ್ ಅವರ ಸಂಶೋಧನೆ 2007ರಲ್ಲಿ ತೋರಿಸಿಕೊಟ್ಟ ಸಂಗತಿ ಇದು: ಅಕ್ಷರ ಕಲಿಕೆ ಒಂದನೇ ಇಯತ್ತೆಯಲ್ಲಿ ಮುಗಿಯುವ ಕೆಲಸ ಅಲ್ಲ, ನಾಲ್ಕನೇ ಇಯತ್ತೆಯ ತನಕವೂ ನಡೆಯುತ್ತಲೇ ಇರುತ್ತದೆ. ನಮ್ಮ ಶಾಲೆಗಳಲ್ಲಿ ಏನು ನಡೆಯುತ್ತದೆ? ಒಂದನೇ ಇಯತ್ತೆಯಲ್ಲಿ 'ಅ ಆ ಇ ಈ' ಮುಗಿಸಿ ಎರಡರಲ್ಲಿ ಪಾಠ ಓದು ಅನ್ನುತ್ತೇವೆ. ಸಾಮಾನ್ಯ ಮಗುವೇ ಏದುಸಿರು ಬಿಡುವ ಏರಿನಲ್ಲಿ ಈ ಮಗು ಏನು ಮಾಡಬೇಕು?

ಇನ್ನು ಜಾತಿಯ ಮಾತಿಗೆ ಬರೋಣ.

2007ರಲ್ಲಿ 'ತಾರೇ ಜಮೀನ್ ಪರ್' ಎಂಬ ಹಿಂದಿ ಸಿನಿಮಾ ಬಂತು. ಓದಲು ಬಾರದ ಪುಟ್ಟ ಹುಡುಗ, ಅವನ ನೋವು ತಿಳಿದುಕೊಳ್ಳುವ ಮಾಸ್ತರ. ದೇಶವೇ ಅತ್ತಿತು. ಒಳ್ಳೆಯದಾಯಿತು. ಅವತ್ತಿನಿಂದ ದೊಡ್ಡ ಊರುಗಳ ದೊಡ್ಡ ಶಾಲೆಗಳಲ್ಲಿ ಈ ಪದ ಎಲ್ಲರ ಬಾಯಿಗೆ ಬಂತು. ಮಗು ಓದದಿದ್ದರೆ ತಂದೆ ತಾಯಿ ತಜ್ಞರ ಹತ್ತಿರ ಓಡುತ್ತಾರೆ, ರೊಕ್ಕ ಕೊಟ್ಟು ಪರೀಕ್ಷೆ ಮಾಡಿಸುತ್ತಾರೆ, ಕಾಗದ ಪಡೆಯುತ್ತಾರೆ. ಮಾಡಿಸಲಿ. ಆ ಮಗುವಿಗೂ ಅದು ಬೇಕು. ಆದರೆ ಕೇರಿಯ ಮಗುವಿಗೆ ಸಿಕ್ಕದ್ದೇನು? ಒಂದೇ ತೊಡಕು. ಬಂಗಲೆಯಲ್ಲಿ ಹುಟ್ಟಿದರೆ ಅದಕ್ಕೆ ಡಿಸ್ಲೆಕ್ಸಿಯಾ ಎಂದು ಹೆಸರು. ಕೇರಿಯಲ್ಲಿ ಹುಟ್ಟಿದರೆ ದಡ್ಡತನ ಎಂದು ಹೆಸರು. ಬಂಗಲೆಯ ಮಗುವಿಗೆ ವೈದ್ಯ, ಕೇರಿಯ ಮಗುವಿಗೆ ಬೆತ್ತ. ಬಂಗಲೆಯ ಮಗುವಿನ ತೊಡಕು ಅದೊಂದೇ ಮಗುವಿನದು. ಕೇರಿಯ ಮಗುವಿನ ತೊಡಕು ಮಾತ್ರ ಇಡೀ ಜಾತಿಯ ಹಣೆಗೆ ಅಂಟುತ್ತದೆ. 'ಇವರಿಗೆಲ್ಲಿಯ ವಿದ್ಯೆ' ಎಂಬ ಸಾವಿರ ವರ್ಷದ ಮಾತಿಗೆ ಇನ್ನೊಂದು ಸಾಕ್ಷಿ ಸಿಕ್ಕಿತು ಎಂದು ಹಿಂದಿನ ಬೆಂಚು ನಗುತ್ತದೆ.

ಅಕ್ಷರ ಕಲಿತರೆ ಕಿವಿಗೆ ಕಾದ ಸೀಸ ಎಂದವರ ಮೊಮ್ಮಕ್ಕಳು ಇವತ್ತು ಅಕ್ಷರ ಬಾರದ್ದಕ್ಕೆ ನಗುತ್ತಾರೆ. ಬಾಬಾಸಾಹೇಬರು ಗೋಣಿತಟ್ಟಿನ ಮೇಲೆ ಕೂತು ಕಲಿತರು. ಅವರ ಕಾಲದ ಕ್ಲಾಸಿನಲ್ಲಿ ಗೋಣಿತಟ್ಟು ಕಣ್ಣಿಗೆ ಕಾಣುತ್ತಿತ್ತು. ಇವತ್ತಿನ ಗೋಣಿತಟ್ಟು ಕಾಣುವುದಿಲ್ಲ. ಎಲ್ಲರೂ ಒಂದೇ ಬೆಂಚಿನಲ್ಲಿ ಕೂತಿದ್ದಾರೆ, ಸಮಾನತೆ ಬಂತು ಅನ್ನುತ್ತಾರೆ. ಒಬ್ಬನ ಮುಂದಿನ ಪುಸ್ತಕ ಮಾತಾಡುತ್ತದೆ, ಇನ್ನೊಬ್ಬನ ಮುಂದಿನ ಪುಸ್ತಕ ಕಲ್ಲು. ಇದೆಂಥ ಸಮಾನತೆ?

ಕಾನೂನು ಇಲ್ಲವೇ? ಇದೆ. ಮಾಸ್ತರುಗಳು, ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡಿಕೊಳ್ಳಬೇಕು.

1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ನ್ಯೂನತೆಗಳಿದ್ದವು. ಕಲಿಕಾ ನ್ಯೂನತೆಯ ಸುದ್ದಿಯೇ ಇರಲಿಲ್ಲ. 2016ರಲ್ಲಿ ಬಂದ, 2017ರ ಏಪ್ರಿಲ್‌ನಿಂದ ಜಾರಿಯಾದ ಹೊಸ ಹಕ್ಕುಗಳ ಕಾಯ್ದೆ 21 ನ್ಯೂನತೆಗಳನ್ನು ಹೆಸರಿಸಿತು. ಅದರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. 16ನೇ ಕಲಮು: ಮಕ್ಕಳಲ್ಲಿ ಈ ತೊಡಕನ್ನು ಆದಷ್ಟು ಬೇಗ ಪತ್ತೆ ಹಚ್ಚಿ, ತಕ್ಕ ರೀತಿಯಲ್ಲಿ ಕಲಿಸಬೇಕು. 17ನೇ ಕಲಮು: ಶಾಲಾ ಮಕ್ಕಳ ಸಮೀಕ್ಷೆ ಐದು ವರ್ಷಕ್ಕೊಮ್ಮೆ ಆಗಬೇಕು. ಪರೀಕ್ಷೆಯಲ್ಲಿ ಹೆಚ್ಚಿನ ವೇಳೆ, ಹೇಳಿದ್ದನ್ನು ಬರೆದುಕೊಡುವ ಸ್ಕ್ರೈಬ್, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಕೊಡಬೇಕು. 32ನೇ ಕಲಮು: ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಶೇಕಡಾ 40ರಷ್ಟು ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆ ಇರುವವರಿಗೆ ಕನಿಷ್ಠ ಶೇಕಡಾ 5 ಸೀಟು ಮೀಸಲಿಡಬೇಕು.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಸಂಸ್ಥೆಯೇ ವ್ಯಕ್ತಿಗೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು, ನಿರಾಕರಿಸಿದರೆ ಅದು ತಾರತಮ್ಯ ಎಂದು ಈ ಕಾಯ್ದೆ ಹೇಳುತ್ತದೆ. ಗಮನಿಸಿ. 'ಹೊಂದ್ಕೋಬೇಕಪಾ' ಎಂದು ಹುಡುಗನಿಗೆ ಹೇಳಿದರಲ್ಲ, ಕಾನೂನು ಆ ಮಾತನ್ನು ಹೇಳಿದ್ದು ಕಾಲೇಜಿಗೆ!

2021ರಲ್ಲಿ ಸುಪ್ರೀಂ ಕೋರ್ಟಿನ ಎರಡು ತೀರ್ಪು ಬಂದವು. ಫೆಬ್ರುವರಿಯಲ್ಲಿ, ಬರೆಯುವಾಗ ಕೈ ಸೆಳೆತ ಬರುವ ಒಬ್ಬ ಅಭ್ಯರ್ಥಿಯ ಮೊಕದ್ದಮೆಯಲ್ಲಿ, ಶೇಕಡಾ 40ರ ಗೆರೆ ಮುಟ್ಟದಿದ್ದರೂ ಸ್ಕ್ರೈಬ್ ಕೊಡಬೇಕು ಎಂದಿತು. ನವೆಂಬರಿನಲ್ಲಿ, ನೀಟ್ ಬರೆದ ಡಿಸ್ಗ್ರಾಫಿಯಾದ ಒಬ್ಬ ವಿದ್ಯಾರ್ಥಿನಿಗೆ ಸಿಗಬೇಕಾದ ಹೆಚ್ಚುವರಿ ಒಂದು ತಾಸು ಪರೀಕ್ಷಾ ಕೇಂದ್ರದಲ್ಲಿ ಸಿಗದೇ ಹೋದದ್ದು ಅನ್ಯಾಯ, ಅದನ್ನು ಸರಿಪಡಿಸಬೇಕು ಎಂದಿತು. ದಿಲ್ಲಿಯಲ್ಲಿ ಕೂತ ನ್ಯಾಯಮೂರ್ತಿಗಳಿಗೆ ಅರ್ಥವಾದದ್ದು ನಮ್ಮ ಪರೀಕ್ಷಾ ಕೊಠಡಿಯ ಮೇಲ್ವಿಚಾರಕರಿಗೆ ಯಾವಾಗ ಅರ್ಥವಾಗುವುದು?

ಕಾನೂನು ಕಾಗದದ ಮೇಲಿದೆ. ಅದರ ಬಾಗಿಲಿಗೆ ಒಂದು ಕೀಲಿ. ಕೀಲಿಕೈ ಎಂದರೆ ಪ್ರಮಾಣಪತ್ರ. ಇಲ್ಲೇ ಬಡವನನ್ನು ಹೊರಗೆ ನಿಲ್ಲಿಸುವ ಕೆಲಸ ನಡೆಯುವುದು.

2018ರ ಜನವರಿಯ ಕೇಂದ್ರ ಮಾರ್ಗಸೂಚಿ ಹೇಳಿದ್ದು ಹೀಗೆ: ಮೂರನೇ ಇಯತ್ತೆಯಲ್ಲಿ ಅಥವಾ ಎಂಟು ವರ್ಷಕ್ಕೆ ಶಾಲೆಯಲ್ಲೇ ಮೊದಲ ಪತ್ತೆ. ಆಮೇಲೆ ಮಕ್ಕಳ ವೈದ್ಯರು. ಆಮೇಲೆ ಮನಶ್ಶಾಸ್ತ್ರಜ್ಞರಿಂದ ಬುದ್ಧಿಮತ್ತೆಯ ಅಳತೆ, ನಂತರ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆ. ಎಂಟಕ್ಕೆ ಒಂದು ಪ್ರಮಾಣಪತ್ರ, ಹದಿನಾಲ್ಕಕ್ಕೆ ಮತ್ತೊಮ್ಮೆ, ಹದಿನೆಂಟಕ್ಕೆ ಇನ್ನೊಮ್ಮೆ. 2024ರಲ್ಲಿ ಈ ಮಾರ್ಗಸೂಚಿ ಪರಿಷ್ಕರಣೆಯಾಯಿತು. ಅರ್ಜಿಯಂತೂ 2021ರಿಂದ ಆನ್‌ಲೈನ್. ಕಾಗದದ ಮೇಲೆ ಚೆಂದ. ನಮ್ಮ ಶಾಲೆಯಲ್ಲಿ ಮೊದಲ ಪತ್ತೆ ಮಾಡಬೇಕಾದ ಮಾಸ್ತರ ನಾನು. ನಾನು ಮಾಡಿದ ಪತ್ತೆ ಏನೆಂದು ಮೇಲೆ ಹೇಳಿದೆನಲ್ಲ, ಬೆತ್ತದಿಂದ ಮಾಡಿದೆ.

ಈಗ ಆ ಅವ್ವ ಏನು ಮಾಡಬೇಕು? ಮಾಗಡಿಯಿಂದ ಗದಗ, ಅಲ್ಲಿಂದ ಧಾರವಾಡದ ಡಿಮ್ಹಾನ್ಸ್, ಅಲ್ಲಿ ಆಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್. ಒಂದು ದಿನದಲ್ಲಿ ಮುಗಿಯುವ ಪರೀಕ್ಷೆ ಅಲ್ಲ ಇದು. ಹೋದ ಪ್ರತಿ ದಿನ ಕೂಲಿ ಹೋಯಿತು. ಹೊತ್ತು ಹೋಯಿತು. ಬಸ್ಸಿಗೆ ಹೆಣ್ಣುಮಕ್ಕಳಿಗೆ ರೊಕ್ಕ ಇಲ್ಲ ಅಂದರೂ ಮಗನ ಟಿಕೀಟು ತೆಗೀಬೇಕು, ಊಟ ಮಾಡಬೇಕು, ರಾತ್ರಿ ಎಲ್ಲೋ ತಂಗಬೇಕು. 'ಹುಚ್ಚರ ದವಾಖಾನಿಗೆ ಯಾಕ ಕರಕೊಂಡು ಹೊಂಟಿ?' ಎಂದು ಓಣಿಯವರು ಕೇಳಿದರೆ ಉತ್ತರ ಕೊಡಬೇಕು.

ಇಷ್ಟೆಲ್ಲ ದಾಟಿ ಹೋದರೂ ಇನ್ನೊಂದು ಗೋಡೆ. ಆ ಮನೋವೈದ್ಯರ ಕೈಪಿಡಿಯಲ್ಲೇ ಒಂದು ಷರತ್ತಿದೆ. ಸರಿಯಾಗಿ ಪಾಠ ಸಿಗದ ಕಾರಣಕ್ಕೆ, ಕಲಿಸುವ ಭಾಷೆ ಬಾರದ ಕಾರಣಕ್ಕೆ, ಸಾಮಾಜಿಕ ಕಷ್ಟದ ಕಾರಣಕ್ಕೆ ಓದು ಬಾರದಿದ್ದರೆ ಅದನ್ನು ಕಲಿಕಾ ನ್ಯೂನತೆ ಎಂದು ಕರೆಯಬಾರದು. ಈ ಷರತ್ತಿನ ಉದ್ದೇಶ ಒಳ್ಳೆಯದೇ. ಬಡತನವನ್ನು ರೋಗ ಎಂದು ಕರೆಯಬಾರದು, ಸರಿ. ಆದರೆ ಎರಡೂ ಇದ್ದವನ ಗತಿ ಏನು? ಶಾಲೆಯಲ್ಲಿ ಮಾಸ್ತರಿಲ್ಲ, ಮನೆಯಲ್ಲಿ ಪುಸ್ತಕ ಇಲ್ಲ, ಸುಗ್ಗಿಯಲ್ಲಿ ಹಾಜರಿ ಇಲ್ಲ. ಅದರ ಮೇಲೆ ಈ ತೊಡಕೂ ಇದೆ. ಎಲ್ಲ ಸವಲತ್ತು ಸಿಕ್ಕೂ ಓದದಿದ್ದವನಿಗೆ ಕಾಗದ ಸುಲಭ, ಯಾವ ಸವಲತ್ತೂ ಸಿಗದವನಿಗೆ ಕಾಗದ ಕಠಿಣ! ಹಸಿದವನು ತನಗೆ ಜ್ವರವೂ ಇದೆ ಎಂದರೆ, ಮೊದಲು ಹಸಿವು ಅಲ್ಲ ಎಂದು ಖಾತ್ರಿ ಮಾಡು, ಆಮೇಲೆ ಗುಳಿಗೆ ಕೊಡುತ್ತೇನೆ ಎಂದ ಹಾಗಾಯಿತು. ಗಮನಿಸಿ, 2016ರ ಕಾಯ್ದೆಯ ವ್ಯಾಖ್ಯೆಯಲ್ಲಿ ಈ ಷರತ್ತು ಇಲ್ಲ. ಭಾಷೆಯನ್ನು ಗ್ರಹಿಸುವ, ಓದುವ, ಬರೆಯುವ, ಲೆಕ್ಕ ಮಾಡುವ ತೊಡಕನ್ನಷ್ಟೇ ಅದು ಹೇಳುತ್ತದೆ. ಹೋರಾಟಕ್ಕೆ ಇದು ಹಿಡಿಕೆ.

ನಮ್ಮ ಸಂಗಾತಿಗಳಲ್ಲೇ ಕೆಲವರು ನನ್ನನ್ನು ತಡೆದು ಕೇಳಿದ್ದಾರೆ. 'ಇದು ನಮ್ಮ ಮಕ್ಕಳ ಮಿದುಳು ಸರಿ ಇಲ್ಲ ಎಂದು ಹಣೆಪಟ್ಟಿ ಹಚ್ಚುವ ಹುನ್ನಾರ ಅಲ್ಲವೇನ್ರೀ? ವ್ಯವಸ್ಥೆಯ ತಪ್ಪನ್ನು ಹುಡುಗನ ತಲೆಗೆ ಕಟ್ಟಿದಂತೆ ಆಗಲಿಲ್ಲವೇ?' ಈ ಅನುಮಾನಕ್ಕೆ ನಾನು ತಲೆಬಾಗುತ್ತೇನೆ. ಜಾತಿಯಿಂದ ಬುದ್ಧಿ ಬರುತ್ತದೆ ಎಂದು ಸಾಧಿಸಲು ಹೊರಟವರು ಎಲ್ಲ ಕಾಲದಲ್ಲೂ ಇದ್ದರು, ಈಗಲೂ ಇದ್ದಾರೆ. ಎಚ್ಚರ ಬೇಕು. ಆದರೆ ಈ ತೊಡಕು ಅಗ್ರಹಾರದಲ್ಲೂ ಹುಟ್ಟುತ್ತದೆ, ಗೌಡರ ವಾಡೆಯಲ್ಲೂ ಹುಟ್ಟುತ್ತದೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ ಎಂಬುದೇ ಇದರ ಸಾರ. ಹೆಸರು ಹೇಳದೇ ಇದ್ದರೆ ತೊಡಕು ಇಲ್ಲವಾಗುವುದಿಲ್ಲ. ಹೆಸರಿಲ್ಲದ ಜಾಗಕ್ಕೆ 'ದಡ್ಡ' ಎಂಬ ಹೆಸರು ಬಂದು ಕೂರುತ್ತದೆ, ಅಷ್ಟೇ. ಹಣೆಪಟ್ಟಿ ಈಗಾಗಲೇ ಹಚ್ಚಿಯಾಗಿದೆ. ನಾವು ಅದನ್ನು ಕಿತ್ತು ಹಾಕುತ್ತಿದ್ದೇವೆ. ಮಾಸ್ತರಿಲ್ಲದ ಶಾಲೆಯ ವಿರುದ್ಧವೂ ಹೋರಾಡೋಣ, ಈ ತೊಡಕಿನ ಹಕ್ಕಿಗೂ ಹೋರಾಡೋಣ. ಒಂದು ಕೈಯಲ್ಲಿ ಒಂದೇ ಕೆಲಸ ಎಂದು ಯಾರು ಹೇಳಿದರು?

ಇನ್ನೊಂದು ಆಕ್ಷೇಪ ಮೆರಿಟ್ ಭಕ್ತರದು. 'ಹೆಚ್ಚಿಗೆ ವೇಳೆ ಕೊಟ್ಟರೆ ಉಳಿದವರಿಗೆ ಅನ್ಯಾಯ.' 2018ರ ಕೇಂದ್ರ ನಿಯಮದ ಪ್ರಕಾರ, ಸ್ಕ್ರೈಬ್‌ಗೆ ಅರ್ಹರಾದವರಿಗೆ ತಾಸಿಗೆ ಕನಿಷ್ಠ 20 ನಿಮಿಷ ಹೆಚ್ಚು. ಇಷ್ಟಕ್ಕೇ ಇವರ ಮೆರಿಟ್ಟು ಮುರಿದು ಬೀಳುತ್ತದೆಯಂತೆ! ಚಾಳೀಸು ಹಾಕಿಕೊಂಡು ಪರೀಕ್ಷೆ ಬರೆಯುವವನಿಗೆ ಚಾಳೀಸು ತೆಗಿ, ಉಳಿದವರಿಗೆ ಅನ್ಯಾಯ ಆಗ್ತೈತಿ ಎಂದು ಯಾರಾದರೂ ಅಂದಾರೆಯೇ? ಪರೀಕ್ಷೆ ಇರುವುದು ಇತಿಹಾಸ ಗೊತ್ತೇ ಎಂದು ತಿಳಿಯಲಿಕ್ಕೋ, ಪೆನ್ನು ಎಷ್ಟು ಜೋರು ಓಡುತ್ತದೆ ಎಂದು ತಿಳಿಯಲಿಕ್ಕೋ?

ನಮ್ಮ ಸೀಮೆಗೆ ಅಕ್ಷರದ ದೊಡ್ಡ ಹೆಮ್ಮೆ ಇದೆ. ಪಂಪ ತನ್ನ ಕನ್ನಡ ಪುಲಿಗೆರೆಯದು ಅಂದ. ಪುಲಿಗೆರೆ ಎಂದರೆ ಇವತ್ತಿನ ಲಕ್ಷ್ಮೇಶ್ವರ, ಮಾಗಡಿಯಿಂದ ಕೂಗಳತೆ ಅನ್ನಬಹುದು. ಗದಗಿನ ನಾರಣಪ್ಪ ಒಮ್ಮೆ ಬರೆದದ್ದನ್ನು ಅಳಿಸಲೇ ಇಲ್ಲ ಎಂದು ಹೆಮ್ಮೆಪಟ್ಟ. ಸರಿ. ಅದೇ ಪುಲಿಗೆರೆಯ ಕನ್ನಡವನ್ನು ಬಾಯ ತುಂಬ ಆಡುವ ಹುಡುಗ ಹತ್ತು ಸಲ ಅಳಿಸಿ ಬರೆದರೆ ಅವನು ಕನ್ನಡದವನಲ್ಲವೇ? ಮನೆತನಗಳ ಹತ್ತು ತಲೆಮಾರಿನ ಹೆಸರನ್ನು ಬಾಯಿಂದ ಹೇಳುವ ಹೆಳವರು, ರಾತ್ರಿಯಿಡೀ ಪದ ಹಾಡುವ ಚೌಡಿಕೆಯವರು, ಲಂಬಾಣಿ ತಾಂಡಾದ ಮುದುಕಿಯರು, ಇವರ ವಿದ್ಯೆಗೆ ಯಾವ ವಿಶ್ವವಿದ್ಯಾಲಯ ಅಂಕ ಕೊಟ್ಟಿದೆ? ಅವರನ್ನು ಕುರಿತು ಪಿಎಚ್‌ಡಿ ಬರೆದವರಿಗೆ ಕೊಟ್ಟಿದೆ!

ಬೇರೆ ದಾರಿ ಇತ್ತು, ಅದೂ ಗದಗಿನಲ್ಲೇ ಇತ್ತು. ವೀರೇಶ್ವರ ಪುಣ್ಯಾಶ್ರಮವನ್ನು ನೋಡಿ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಅವರ ಹಿಂದೆ 2010ರಲ್ಲಿ ತೀರಿಕೊಂಡ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಬಡ ಮಕ್ಕಳಿಗೆ ಸಂಗೀತ ಕಲಿಸಿದರು. 'ಮೊದಲು ಪುಸ್ತಕ ನೋಡಿ ಓದು, ಆಮೇಲೆ ಹಾಡು' ಎಂದು ಯಾರೂ ಅಲ್ಲಿ ಹೇಳಲಿಲ್ಲ. ಕಿವಿಯಿಂದ ಕಲಿಸಿದರು, ಬೆರಳಿಂದ ಕಲಿಸಿದರು. ಮಕ್ಕಳು ವಿದ್ವಾಂಸರಾದರು. ಆಶ್ರಮದ ದಾರಿ ದಾನದ ದಾರಿ. ನಮ್ಮದು ಹಕ್ಕಿನ ದಾರಿ, ಆ ಭೇದ ಇಟ್ಟುಕೊಳ್ಳೋಣ. ಆದರೆ ಕಲಿಸುವ ರೀತಿಯೇ ಕಲಿಯುವವನ ಕಡೆ ತಿರುಗಬೇಕು ಎಂಬ ಪಾಠವನ್ನು ಅಲ್ಲಿಂದ ತೆಗೆದುಕೊಳ್ಳಲು ನಮಗೆ ಏನೂ ಅಡ್ಡಿ ಇಲ್ಲ. ದಾನಿಗಳ ಜೋಳಿಗೆಯಿಂದ ನಡೆದ ಆಶ್ರಮ ಮಾಡಿದ್ದನ್ನು ಸರಕಾರದ ಅನುದಾನದಿಂದ ನಡೆಯುವ ವಿಶ್ವವಿದ್ಯಾಲಯ ಯಾಕೆ ಮಾಡಲಾರದು?

ಇವತ್ತು ಮಾಡುವುದು ಸುಲಭವೂ ಹೌದು. ಕನ್ನಡ ಪುಟವನ್ನು ಓದಿ ಹೇಳುವ ಸೌಲಭ್ಯ ಹುಡುಗನ ಕಿಸೆಯ ಫೋನಿನಲ್ಲೇ ಇದೆ. ಅಚ್ಚಿನ ಪುಸ್ತಕವನ್ನು ಇಂಥವರಿಗಾಗಿ ಧ್ವನಿಗೆ ಬದಲಿಸುವುದು ಕಳವಲ್ಲ ಎಂದು 2012ರಲ್ಲೇ ಕೃತಿಸ್ವಾಮ್ಯ ಕಾಯ್ದೆ ತಿದ್ದುಪಡಿಯಾಗಿದೆ. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ನಮ್ಮದು. ಕಣ್ಣಿಲ್ಲದವರ ಜೊತೆಗೆ ಓದಿನ ತೊಡಕಿನವರನ್ನೂ ಆ ಒಪ್ಪಂದ ಸೇರಿಸಿಕೊಳ್ಳುತ್ತದೆ. 2016ರಿಂದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವೂ ಇದೆ. ಎಷ್ಟು ಪದವಿ ಕಾಲೇಜಿನ ಲೈಬ್ರರಿಯನ್ನರು ಈ ಹೆಸರು ಕೇಳಿದ್ದಾರೆ? ಕೇಳಿ ನೋಡಿ.

ನಮ್ಮ ಚಳವಳಿಯ ಕಡೆಯೂ ಒಂದು ಕನ್ನಡಿ ಹಿಡಿಯೋಣ. 1973ರ ಬೂಸಾ ಗಲಾಟೆಯಲ್ಲಿ ಹಾಸ್ಟೆಲ್ಲಿನ ದಲಿತ ಹುಡುಗರಿಗೆ ಪೆಟ್ಟು ಬಿದ್ದಾಗಿನಿಂದ ನಮ್ಮ ಹೋರಾಟಕ್ಕೂ ಹಾಸ್ಟೆಲ್ಲಿಗೂ ನಂಟು. 2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ರೋಹಿತ್ ವೇಮುಲ ಹೋದಾಗ ವಿಶ್ವವಿದ್ಯಾಲಯ ನಮ್ಮ ಮಕ್ಕಳನ್ನು ಹೇಗೆ ಹೊರದಬ್ಬುತ್ತದೆ ಎಂದು ಎಲ್ಲರೂ ಮಾತಾಡಿದೆವು. ಹೊರದಬ್ಬುವ ಕೈಗಳು ಹಲವು. ಈ ಒಂದು ಕೈ ನಮಗೂ ಕಾಣಲಿಲ್ಲ. ನಮ್ಮ ಅಧ್ಯಯನ ಶಿಬಿರಗಳಲ್ಲಿ ಕರಪತ್ರ ಕೊಟ್ಟು 'ನೀ ಓದೋ' ಅನ್ನುತ್ತೇವೆ. ಓದದವನು ಹಿಂದೆ ಸರಿಯುತ್ತಾನೆ, ಬ್ಯಾನರ್ ಕಟ್ಟುವ ಕೆಲಸಕ್ಕೆ ಹೋಗುತ್ತಾನೆ. ನಮ್ಮಲ್ಲೂ ಓದುವವನು ಮುಂದಾಳು, ಓದಲಾಗದವನು ಹೆಗಲಾಳು! ಶಿಕ್ಷಣ, ಸಂಘಟನೆ, ಹೋರಾಟ ಎಂಬ ಮೂರು ಮಾತುಗಳಲ್ಲಿ ಶಿಕ್ಷಣ ಎಂದರೆ ಅಚ್ಚಿನ ಅಕ್ಷರ ಮಾತ್ರ ಎಂದು ನಮಗೆ ಹೇಳಿದವರು ಯಾರು?

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು ಇವು.

1. ಗದಗ ಜಿಲ್ಲಾ ಆಸ್ಪತ್ರೆಯಲ್ಲೇ ಕಲಿಕಾ ನ್ಯೂನತೆಯ ಪರೀಕ್ಷೆ, ಪ್ರಮಾಣಪತ್ರ ಎರಡೂ ಕನ್ನಡದಲ್ಲಿ ಸಿಗಬೇಕು. ಪರೀಕ್ಷಿಸುವವರು ತಾಲೂಕಿಗೆ ಬರಬೇಕು. ಬಂದವರಿಗೆ ಹೋದ ಕೂಲಿ ಕೊಡಬೇಕು.

2. ಬಡತನ, ಪಾಠದ ಕೊರತೆ ಇದೆ ಎಂಬ ಒಂದೇ ಕಾರಣಕ್ಕೆ ಯಾವ ಮಗುವಿಗೂ ಪ್ರಮಾಣಪತ್ರ ನಿರಾಕರಿಸಬಾರದು.

3. ಕಾಗದ ಬರುವ ತನಕ ಕಾಯಿಸಬಾರದು. ವಿದ್ಯಾರ್ಥಿ ಕೇಳಿದ ದಿನದಿಂದಲೇ ಹೆಚ್ಚಿನ ವೇಳೆ, ಸ್ಕ್ರೈಬ್, ಬಾಯಿಮಾತಿನ ಪರೀಕ್ಷೆಯ ಅವಕಾಶ ಕೊಡಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿರಲಿ, ಹಳ್ಳಿಗಳ ಹೆಸರಿನಲ್ಲೇ 2016ರಲ್ಲಿ ಗದಗಿನಲ್ಲಿ ಶುರುವಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿರಲಿ, ಈ ನಿಯಮವನ್ನು ಕನ್ನಡದಲ್ಲಿ ಬರೆದು ನೋಟೀಸು ಬೋರ್ಡಿಗೆ ಹಚ್ಚಬೇಕು, ಮೊದಲ ದಿನ ಕ್ಲಾಸಿನಲ್ಲಿ ಬಾಯಲ್ಲೂ ಹೇಳಬೇಕು.

4. ಪಾಠವನ್ನು ಧ್ವನಿಮುದ್ರಿಸಿಕೊಳ್ಳುವ ಹಕ್ಕು ಬೇಕು. ಟಿಪ್ಪಣಿಗಳು ಮೊದಲೇ ಸಿಗಬೇಕು. ವಿಷಯ ಸರಿಯಿದ್ದರೆ ಕಾಗುಣಿತದ ತಪ್ಪಿಗೆ ಅಂಕ ಕಳೆಯಬಾರದು. ಯಾರನ್ನೂ ಎಬ್ಬಿಸಿ ನಿಲ್ಲಿಸಿ ಓದು ಎಂದು ಒತ್ತಾಯಿಸಬಾರದು.

5. ಸಮಾಜ ಕಲ್ಯಾಣ ಇಲಾಖೆಯ ಪ್ರತಿ ಹಾಸ್ಟೆಲ್ಲಿನಲ್ಲಿ ರಾತ್ರಿ ಒಂದು ತಾಸು ಗಟ್ಟಿ ಓದಿನ ಕೂಟ ನಡೆಯಬೇಕು. ಓದಬಲ್ಲವನು ಓದಲಿ, ಕೇಳಬಲ್ಲವನು ಕೇಳಲಿ, ಇಬ್ಬರೂ ಚರ್ಚೆ ಮಾಡಲಿ. ಇದಕ್ಕೆ ಸರಕಾರಿ ಆದೇಶದ ದಾರಿ ಕಾಯಬೇಕಾಗಿಲ್ಲ, ಇವತ್ತು ರಾತ್ರಿಯೇ ಶುರು ಮಾಡಬಹುದು.

6. ಶಿಕ್ಷಕರ ತರಬೇತಿಯಲ್ಲಿ ಇದು ಪಾಠವಾಗಬೇಕು. ನನ್ನಂಥ ಮಾಸ್ತರುಗಳು ಮತ್ತೆ ಹುಟ್ಟಬಾರದು.

ಹೋದ ತಿಂಗಳು ಆ ಹುಡುಗನಿಗೆ ಫೋನ್ ಮಾಡಿದೆ. ಗೋವಾದಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಕಟ್ಟಡದ ನಕ್ಷೆಯನ್ನು ಒಮ್ಮೆ ನೋಡಿದರೆ ಸಾಕು, ಎಲ್ಲಿ ಎಷ್ಟು ಸರಳು ಎಂದು ಹೇಳುತ್ತಾನಂತೆ. ಕೂಲಿ ಮಾತ್ರ ಕೂಲಿಯವನದೇ. 'ತಪ್ಪಾತಪಾ, ಅವತ್ತು ಹೊಡೀಬಾರದಿತ್ತು' ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. 'ಇರ್ಲಿ ಬಿಡ್ರಿ ಸರ್. ಕೆರಿಗೆ ಹಕ್ಕಿ ಬಂದಾವೇನ್ರಿ?' ಅಂದ.

ಇರಲಿ ಬಿಡಲು ಆಗುವುದಿಲ್ಲ, ತಮ್ಮಾ.

ಗೆಳೆಯರೇ, ಈ ಚಳಿಗಾಲ ಹಕ್ಕಿ ಎಣಿಸುವವರು ಮಾಗಡಿಗೆ ಬರುತ್ತಾರೆ. ಬರಲಿ. ಅದೇ ವಾರ ನಾವೂ ಹೊರಡೋಣ. ಮಾಗಡಿಯಿಂದ ಶುರು ಮಾಡಿ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಕೇರಿ ಕೇರಿಗೆ, ತಾಂಡಾ ತಾಂಡಾಕ್ಕೆ ಹೋಗೋಣ. ಕಾಲೇಜು ಬಿಟ್ಟು ಬಂದವರು ಎಷ್ಟು ಮಂದಿ, ಯಾಕೆ ಬಿಟ್ಟರು, ಓದುವಾಗ ಏನಾಗುತ್ತಿತ್ತು ಎಂದು ಕೂತು ಕೇಳೋಣ. ಸರಕಾರ ಐದು ವರ್ಷಕ್ಕೊಮ್ಮೆ ಮಾಡಬೇಕಾದ ಎಣಿಕೆಯನ್ನು ಒಮ್ಮೆ ನಾವೇ ಮಾಡಿ, ಆ ಪಟ್ಟಿ ಹಿಡಿದು ವಿಶ್ವವಿದ್ಯಾಲಯದ ಬಾಗಿಲಿಗೆ ಹೋಗೋಣ. ಹುಡುಗರು ಇಷ್ಟು ವರ್ಷ ಹೊಂದಿಕೊಂಡದ್ದು ಸಾಕು, ಇನ್ನು ನೀವು ಹೊಂದಿಕೊಳ್ಳಿ ಎಂದು ಹೇಳೋಣ.